ಡೆತ್ ವ್ಯಾಲಿಯ ಬಣ್ಣದ ಕೊಳ್ಳಗಳಲ್ಲಿ ಅರ್ಧ ದಿನದ ಚಾರಣ: ಗೋಲ್ಡನ್ ಕ್ಯಾನ್ಯನ್ – ಗೋವರ್ ಗಲ್ಚ್ ಸುತ್ತು

ನವೆಂಬರ್ ಕೊನೆಯ ರಜೆ ಹತ್ತಿರವಾದಂತೆ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ಲಾಸ್ ವೇಗಸ್ ಪ್ರವಾಸದ ಮಾತು ಏಳುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಇನ್ನೂ ಬೇಗ ಏಳುತ್ತದೆ. ವೇಗಸ್‌ನಿಂದ ಎರಡೇ ಗಂಟೆಯ ದಾರಿಯಲ್ಲಿ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವಿದೆ. ಹೆಚ್ಚಿನವರು ಕಾರಿನಲ್ಲೇ ಒಂದು ಸುತ್ತು ಹೊಡೆದು, ನಾಲ್ಕು ಕಡೆ ಇಳಿದು ಫೋಟೊ ತೆಗೆದು ಹಿಂತಿರುಗುತ್ತಾರೆ. ಆದರೆ ಆ ನೆಲದ ಬಣ್ಣ, ಪದರ, ನಿಶ್ಶಬ್ದ ಎಲ್ಲವೂ ಸಿಗುವುದು ಕೊಳ್ಳದೊಳಗೆ ಕಾಲಿಟ್ಟ ಮೇಲೆ. ಅದಕ್ಕೆ ಅಲ್ಲಿನ ಅತ್ಯುತ್ತಮ ದಾರಿ ಗೋಲ್ಡನ್ ಕ್ಯಾನ್ಯನ್ ಎಂಬ ಕೊಳ್ಳದಲ್ಲಿ ಹತ್ತಿ ಗೋವರ್ ಗಲ್ಚ್ ಎಂಬ ಒಣಹಳ್ಳದಲ್ಲಿ ಇಳಿಯುವ ಸುತ್ತು. ಉದ್ದ ಸುಮಾರು 4.3 ಮೈಲಿ, ಅಂದರೆ 7 ಕಿಲೋಮೀಟರ್. ವಾರಕ್ಕೆರಡು ದಿನ ನಡೆಯುವ ಅಭ್ಯಾಸ ಇರುವವರು ಮೂರು ಗಂಟೆಯಲ್ಲಿ ಮುಗಿಸಬಹುದು. ಕಷ್ಟ ದೂರದ್ದಲ್ಲ, ಹೊತ್ತಿನದು. ಎಷ್ಟು ಹೊತ್ತಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಹಿಂದಿರುಗಿದಿರಿ ಎಂಬುದರ ಮೇಲೆಯೇ ಇಲ್ಲಿ ಎಲ್ಲವೂ ನಿಂತಿದೆ.

ಯಾವ ತಿಂಗಳು

ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ. ಡಿಸೆಂಬರ್–ಜನವರಿಯಲ್ಲಿ ಕಣಿವೆಯ ತಳದಲ್ಲಿ ಹಗಲಿನ ಗರಿಷ್ಠ ತಾಪಮಾನ 18–20 ಡಿಗ್ರಿ ಸೆಲ್ಸಿಯಸ್, ಬೆಳಗಿನ ಜಾವ 4–5 ಡಿಗ್ರಿ. ಮಾರ್ಚ್‌ನಲ್ಲಿ ಮಧ್ಯಾಹ್ನ 28ರ ಆಸುಪಾಸು. ಏಪ್ರಿಲ್‌ನಲ್ಲಿ 33 ದಾಟುತ್ತದೆ, ಆಗ ಹತ್ತು ಗಂಟೆಯೊಳಗೆ ಕೊಳ್ಳದಿಂದ ಹೊರಗಿರಬೇಕು. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಚಾರಣವನ್ನು ಯೋಜನೆಯಿಂದಲೇ ತೆಗೆದುಹಾಕಿ. ಜುಲೈನಲ್ಲಿ ಸರಾಸರಿ ಗರಿಷ್ಠವೇ 47 ಡಿಗ್ರಿ. 1913ರ ಜುಲೈ 10ರಂದು ಉದ್ಯಾನದೊಳಗಿನ ತಂಗುದಾಣ ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಇಂದಿಗೂ ಜಗತ್ತಿನ ಅಧಿಕೃತ ದಾಖಲೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರ ನಂತರ ನಡೆಯಬೇಡಿ ಎಂದು ಉದ್ಯಾನದವರೇ ಫಲಕ ಹಾಕಿದ್ದಾರೆ. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರಿಗೆ ಇದೇನು ಮಹಾ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆವರು ಸುರಿಯುವ ಮೊದಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದು ಗೊತ್ತೇ ಆಗುವುದಿಲ್ಲ. ಇಡೀ ವರ್ಷಕ್ಕೆ ಬೀಳುವ ಮಳೆ ಸರಾಸರಿ ಎರಡು ಇಂಚು ಮಾತ್ರ.

ಥ್ಯಾಂಕ್ಸ್‌ಗಿವಿಂಗ್ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ – ಈ ಎರಡರಲ್ಲಿ ವಿಪರೀತ ಜನ. ಜನವರಿಯ ಎರಡನೇ ವಾರಕ್ಕೆ ಹೋಗಲು ಸಾಧ್ಯವಾದರೆ ಅದೇ ಕೊಳ್ಳ ಖಾಲಿಯಾಗಿ ಸಿಗುತ್ತದೆ.

ತಲುಪುವುದು, ಉಳಿಯುವುದು

ವೇಗಸ್‌ನಿಂದ ಪರಂಪ್ ಎಂಬ ಊರಿನ ಮೂಲಕ ಫರ್ನೇಸ್ ಕ್ರೀಕ್‌ಗೆ ಸುಮಾರು 120 ಮೈಲಿ. ಲಾಸ್ ಏಂಜಲೀಸ್‌ನಿಂದ ನಾಲ್ಕೂವರೆ–ಐದು ಗಂಟೆ. ಬೇ ಏರಿಯಾದಿಂದ ಎಂಟು–ಒಂಬತ್ತು ಗಂಟೆ, ಆದ್ದರಿಂದ ಒಂದು ರಾತ್ರಿ ದಾರಿಯಲ್ಲಿ ತಂಗುವುದು ವಾಸಿ. ಉದ್ಯಾನದ ಒಳಗೆ ಬಸ್ಸಿಲ್ಲ, ಕಾರು ಇರಲೇಬೇಕು. ಈ ಚಾರಣಕ್ಕೆ ಬೇಕಾದ ರಸ್ತೆಗಳೆಲ್ಲ ಡಾಂಬರಿನವು, ಹಾಗಾಗಿ ಸಾಮಾನ್ಯ ಬಾಡಿಗೆ ಕಾರು ಸಾಕು.

ಪರಂಪ್‌ನಲ್ಲಿ ಮೂರು ಕೆಲಸ ಮುಗಿಸಿಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಿ, ಏಕೆಂದರೆ ಉದ್ಯಾನದೊಳಗೆ ಪೆಟ್ರೋಲ್ ಸಿಕ್ಕರೂ ಬೆಲೆ ಬಹಳ ಹೆಚ್ಚು. ದಿನಸಿ ಅಂಗಡಿಯಲ್ಲಿ ತಲೆಗೆ, ದಿನಕ್ಕೆ ಒಂದು ಗ್ಯಾಲನ್‌ನಂತೆ, ಅಂದರೆ ಹೆಚ್ಚುಕಡಿಮೆ ನಾಲ್ಕು ಲೀಟರ್ ನೀರು ಕೊಂಡು ಡಿಕ್ಕಿಗೆ ಹಾಕಿ. ಮೂರನೆಯದು, ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುವುದು. ಮುಂದೆ ಬಹುಪಾಲು ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲ. ನಕ್ಷೆಯ ಆ್ಯಪ್ ಹತ್ತಿರದ ದಾರಿ ಎಂದು ಮಣ್ಣಿನ ರಸ್ತೆ ತೋರಿಸಿದರೆ ಆ ಮಾತು ಕೇಳಬೇಡಿ. ಡಾಂಬರು ಬಿಟ್ಟು ಕದಲಬಾರದು. ಕಾರು ಕೆಟ್ಟುನಿಂತರೆ ಕಾರಿನ ಬಳಿಯೇ ಇರಬೇಕು. ನಡೆದು ಹೊರಟ ಮನುಷ್ಯನಿಗಿಂತ ರಸ್ತೆಯಲ್ಲಿ ನಿಂತ ಕಾರು ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತದೆ.

ಪ್ರವೇಶ ಶುಲ್ಕ ಒಂದು ಕಾರಿಗೆ 30 ಡಾಲರ್, ಏಳು ದಿನಕ್ಕೆ ಸಲ್ಲುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಫರ್ನೇಸ್ ಕ್ರೀಕ್‌ನಲ್ಲಿ ಹೋಟೆಲುಗಳೂ ಕ್ಯಾಂಪ್‌ಗ್ರೌಂಡ್‌ಗಳೂ ಇವೆ. ಅಲ್ಲಿನ ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗಿನ ಜಾಗಗಳನ್ನು ಆರು ತಿಂಗಳು ಮುಂಚೆಯೇ ಕಾಯ್ದಿರಿಸಬಹುದು. ರಜೆಯ ವಾರಗಳಿಗೆ ಹಾಗೆ ಮಾಡದಿದ್ದರೆ ಜಾಗ ಸಿಗುವುದು ಕಷ್ಟ. ಒಳಗಿನ ಹೋಟೆಲು ದುಬಾರಿ ಅನಿಸಿದರೆ ಪರಂಪ್ ಅಥವಾ ಬೀಟಿಯಲ್ಲಿ ಉಳಿಯಬಹುದು. ಆದರೆ ಬೆಳಗಿನ ಜಾವ ಕತ್ತಲಲ್ಲಿ ಒಂದು ಗಂಟೆ ಗಾಡಿ ಓಡಿಸಬೇಕಾಗುತ್ತದೆ. ಒಂದೇ ರಾತ್ರಿಯ ಮಟ್ಟಿಗೆ ಒಳಗೆ ಉಳಿಯಲು ಹಣ ಕೊಡುವುದು ಸಾರ್ಥಕ.

ಹಿಂದಿನ ದಿನ ಸಂಜೆ ಐದರೊಳಗೆ ಫರ್ನೇಸ್ ಕ್ರೀಕ್ ವಿಸಿಟರ್ ಸೆಂಟರ್‌ಗೆ ಹೋಗಿ. ಅಲ್ಲಿ ಬಾಟಲಿ ತುಂಬಿಸಿಕೊಳ್ಳಲು ಕುಡಿಯುವ ನೀರಿದೆ. ಅದಕ್ಕಿಂತ ಮುಖ್ಯವಾಗಿ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ರೇಂಜರ್‌ಗಳಿಂದ ತಿಳಿಯುತ್ತದೆ. 2022ರ ಆಗಸ್ಟ್‌ನಲ್ಲಿ, ಮತ್ತೆ 2023ರ ಆಗಸ್ಟ್‌ನಲ್ಲಿ ಬಿದ್ದ ಮಳೆಗೆ ಇಲ್ಲಿನ ರಸ್ತೆಗಳು ಕೊಚ್ಚಿಹೋಗಿದ್ದವು. ದುರಸ್ತಿ ಕೆಲಸ ಆಗಾಗ ನಡೆಯುತ್ತಲೇ ಇರುತ್ತದೆ.

ಚೀಲದಲ್ಲಿ ಏನಿರಬೇಕು

ಚಳಿಗಾಲದಲ್ಲೂ ತಲೆಗೆ ಎರಡೂವರೆಯಿಂದ ಮೂರು ಲೀಟರ್ ನೀರು. ದಾರಿಯಲ್ಲಿ ಒಂದು ತೊಟ್ಟು ನೀರೂ ಸಿಗುವುದಿಲ್ಲ, ಆರಂಭದ ಜಾಗದಲ್ಲಿ ಶೌಚಾಲಯವಿದೆ, ನಲ್ಲಿ ಇಲ್ಲ. ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ನೋಡಿದವರು ನೀರು ಸಾಲದೆ ಹೀಗಾಗಿದೆ ಎಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಸ್ಥಿತಿ ಬಿಗಡಾಯಿಸುತ್ತದೆ. ಆದ್ದರಿಂದ ನೀರಿನ ಜೊತೆ ಉಪ್ಪಿನ ತಿಂಡಿ ಇರಲಿ: ಕೋಡುಬಳೆ, ಹುರಿಗಡಲೆ, ಖಾರದ ಅವಲಕ್ಕಿ, ಕಡಲೆಕಾಯಿ ಬೀಜ ಯಾವುದಾದರೂ ಸರಿ. ಒಂದು ಬಾಟಲಿಗೆ ಮಾತ್ರ ಓಆರ್‌ಎಸ್ ಬೆರೆಸಿಕೊಳ್ಳಿ. ಊರಿಂದ ತಂದ ಒಂದು ಲೀಟರ್‌ನ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಲೀಟರ್ ಬಾಟಲಿಗೆ ಪೊಟ್ಟಣವಿಡೀ ಸುರಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಜಾಸ್ತಿಯಾಗುತ್ತದೆ.

ಬೆಳಗ್ಗೆ ಏಳಕ್ಕೆ ಸ್ವೆಟರ್ ಬೇಕು, ಹತ್ತಕ್ಕೆ ಅದು ಹೊರೆ. ತೆಳುವಾದ ತುಂಬುತೋಳಿನ ಸಡಿಲ ಅಂಗಿ ಹಾಕಿಕೊಂಡು, ಮೇಲೆ ಚೀಲಕ್ಕೆ ತುರುಕಬಹುದಾದ ಜಾಕೆಟ್ ಧರಿಸಿ. ಕ್ರಿಕೆಟ್ ಟೋಪಿ ಕಿವಿ, ಕತ್ತು ಕಾಯುವುದಿಲ್ಲ. ಸುತ್ತಲೂ ಅಂಚಿರುವ ಟೋಪಿ ಬೇಕು. ಶೂ ವಿಷಯದಲ್ಲಿ ರಾಜಿ ಬೇಡ. ಈ ದಾರಿಯ ಏರುಗಳು ಗಟ್ಟಿ ಮಣ್ಣಿನ ಇಳಿಜಾರು, ಅದರ ಮೇಲೆ ಉದುರು ಕಲ್ಲಿನ ಚೂರು. ನಯವಾದ ತಳದ ವಾಕಿಂಗ್ ಶೂ ಹಾಕಿದರೆ ರಾಗಿ ಚೆಲ್ಲಿದ ಕಡಪಾ ಕಲ್ಲಿನ ಮೇಲೆ ನಡೆದಂತಾಗುತ್ತದೆ. ಅಚ್ಚು ಆಳವಾಗಿರುವ ಟ್ರೆಕ್ಕಿಂಗ್ ಶೂ, ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರುವಂಥದ್ದು, ಬೇಕು. ಆ ಜಾಗವಿಲ್ಲದಿದ್ದರೆ ಇಳಿಯುವಾಗ ಉಗುರು ಶೂ ತುದಿಗೆ ಬಡಿದು ನೀಲಿಗಟ್ಟುತ್ತದೆ. ಹೊಸ ಶೂ ಆದರೆ ಎರಡು ವಾರ ಮುಂಚಿನಿಂದಲೇ ಹಾಕಿ ಓಡಾಡಿ.

ಉಳಿದಂತೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ತಂಪು ಕನ್ನಡಕ, ಬ್ಯಾಂಡೇಜ್, ಟಾರ್ಚ್, ಕಾಗದದ ನಕ್ಷೆ, ಚಾರ್ಜ್ ಆದ ಫೋನ್. ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಫೋನಿದ್ದರೂ ಕೊಳ್ಳದ ಇಕ್ಕಟ್ಟಿನಲ್ಲಿ ಆಕಾಶ ಕಾಣುವುದು ಕಮ್ಮಿ, ಸಂದೇಶ ಹೋಗಲು ತೆರೆದ ಜಾಗಕ್ಕೆ ಬರಬೇಕು.

ದಾರಿ, ಹೆಜ್ಜೆ ಹೆಜ್ಜೆಯಾಗಿ

ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರು ಐವತ್ತಕ್ಕೆ. ಅದಕ್ಕೂ ಅರ್ಧ ಗಂಟೆ ಮೊದಲು ಜಬ್ರಿಸ್ಕಿ ಪಾಯಿಂಟ್ ನೋಟದ ಕಟ್ಟೆಯ ಮೇಲಿರಿ. ಮೊದಲ ಬಿಸಿಲು ಬೀಳುವುದು ಕಣಿವೆಯಾಚೆಯ ಪನಮಿಂಟ್ ಬೆಟ್ಟಸಾಲಿನ ನೆತ್ತಿಗೆ. ಆಮೇಲೆ ಎದುರಿಗಿರುವ ಚೂಪು ಶಿಖರ ಮ್ಯಾನ್ಲಿ ಬೀಕನ್, ಕೊನೆಗೆ ಕೆಳಗಿನ ಹಳದಿ ಮಡಿಕೆಗಳು ಬೆಳಗುತ್ತವೆ. 1849–50ರ ಚಳಿಗಾಲದಲ್ಲಿ ಈ ಕಣಿವೆಯಲ್ಲಿ ಸಿಕ್ಕಿಬಿದ್ದ ವಲಸೆ ಕುಟುಂಬಗಳನ್ನು ಹೊರಗೆ ಕರೆದೊಯ್ದ ವಿಲಿಯಂ ಲೂಯಿಸ್ ಮ್ಯಾನ್ಲಿಯ ಹೆಸರು ಆ ಶಿಖರಕ್ಕೆ. ನೀವು ನಡೆಯಲಿರುವುದು ಅದರ ಬುಡದಲ್ಲೇ. ಮೇಲಿನಿಂದ ಒಮ್ಮೆ ನೋಡಿಕೊಂಡರೆ ಒಳಗೆ ಹೋದಾಗ ದಿಕ್ಕು ತಪ್ಪುವುದಿಲ್ಲ.

ಅಲ್ಲಿಂದ ಕಾರಿನಲ್ಲಿ 190ನೇ ಹೆದ್ದಾರಿ ಇಳಿದು ಬ್ಯಾಡ್‌ವಾಟರ್ ರಸ್ತೆಗೆ ತಿರುಗಿ, ಎರಡು ಮೈಲಿ ಹೋದರೆ ಎಡಕ್ಕೆ ಗೋಲ್ಡನ್ ಕ್ಯಾನ್ಯನ್ ಪಾರ್ಕಿಂಗ್. ಎಂಟರೊಳಗೆ ತಲುಪಿ. ರಜೆಯಲ್ಲಿ ಒಂಬತ್ತೂವರೆ–ಹತ್ತಕ್ಕೆ ಜಾಗ ತುಂಬುತ್ತದೆ. ಸುತ್ತನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಮಾಡಿ: ಗೋಲ್ಡನ್ ಕ್ಯಾನ್ಯನ್‌ನಲ್ಲಿ ಹತ್ತುವುದು, ಗೋವರ್ ಗಲ್ಚ್‌ನಲ್ಲಿ ಇಳಿಯುವುದು. ಕೊಳ್ಳದ ಬಾಯಿ ಪಶ್ಚಿಮಕ್ಕಿರುವುದರಿಂದ ಬೆಳಗ್ಗೆ ಗೋಡೆಗಳ ನೆರಳು ನಿಮ್ಮ ಮೇಲಿರುತ್ತದೆ, ಕಡಿದಾದ ಏರು ತಂಪಿನಲ್ಲೇ ಮುಗಿಯುತ್ತದೆ, ಬಿಸಿಲೇರಿದಾಗ ಉಳಿಯುವುದು ಇಳಿಜಾರು.

ಮೊದಲ ಮೈಲಿ ಸಲೀಸು. ಕಾಲಕೆಳಗೆ ಜಲ್ಲಿ, ಎರಡೂ ಬದಿ ಹೊನ್ನಿನ ಬಣ್ಣದ ಗೋಡೆ. ಅಲ್ಲಲ್ಲಿ ಡಾಂಬರಿನ ತುಂಡುಗಳು ಕಾಣುತ್ತವೆ. ಹಿಂದೆ ಈ ಕೊಳ್ಳದೊಳಗೆ ಕಾರಿನ ರಸ್ತೆಯಿತ್ತು. 1976ರ ಫೆಬ್ರವರಿಯಲ್ಲಿ ನಾಲ್ಕು ದಿನದ ಮಳೆ, ಒಟ್ಟು 2.3 ಇಂಚಷ್ಟೇ, ಅದನ್ನು ಕಿತ್ತೊಗೆಯಿತು. ಮತ್ತೆ ಯಾರೂ ಕಟ್ಟಲಿಲ್ಲ. ಗೋಡೆಗಳ ಬಳಿ ನಿಂತು ನೋಡಿ: ಪದರಗಳು ಓರೆಯಾಗಿ ಎದ್ದುನಿಂತಿವೆ. ಇವು ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿದ್ದ ಸರೋವರದ ತಳದ ಕೆಸರು, ಭೂಮಿಯ ಒತ್ತಡಕ್ಕೆ ವಾಲಿಕೊಂಡದ್ದು. ಕೆಲವು ಹಲಗೆಯಂಥ ಬಂಡೆಗಳ ಮೇಲೆ ಅಲೆಯ ಗುರುತು ಹಾಗೇ ಉಳಿದಿದೆ. ದಡಕ್ಕೆ ಬಡಿದ ನೀರು ಮರಳಿನಲ್ಲಿ ಬರೆದ ಗೆರೆಗಳು ಕಲ್ಲಾಗಿವೆ. ಬೆರಳಾಡಿಸಿದರೆ ಏರಿಳಿತ ಸಿಗುತ್ತದೆ. ಕಲ್ಲಿನ ಚೂರನ್ನೂ ಜೇಬಿಗೆ ಹಾಕಬೇಡಿ, ಉದ್ಯಾನದಿಂದ ಏನನ್ನೂ ಒಯ್ಯುವಂತಿಲ್ಲ. ನೀವು ಹೊರಟದ್ದು ಸಮುದ್ರ ಮಟ್ಟಕ್ಕಿಂತ ಕೆಳಗಿನಿಂದ. ಏರುತ್ತ ಏರುತ್ತ ಸಮುದ್ರ ಮಟ್ಟವನ್ನು ದಾಟುತ್ತೀರಿ.

ಒಂದು ಮೈಲಿಗೆ ಕವಲು, ಅಲ್ಲೊಂದು ಕಂಬವಿದೆ. ನೇರ ಹೋದರೆ ಅರ್ಧ ಮೈಲಿಗೆ ರೆಡ್ ಕೆಥೀಡ್ರಲ್: ಕಬ್ಬಿಣದ ತುಕ್ಕಿನಿಂದ ಕೆಂಪಾದ ಎತ್ತರದ ಬಂಡೆಗೋಡೆ. ಹೋಗಿಬರಲು ಸೇರಿ ಒಂದು ಮೈಲಿ, ಮುಕ್ಕಾಲು ಗಂಟೆ. ಬಂಡೆಯಡಿ ಬಗ್ಗಿ ನುಸುಳಬೇಕು, ಒಂದೆರಡು ಕಡೆ ಕೈ ಊರಬೇಕು. ಈ ತುಂಡನ್ನು ಬಿಡಬೇಡಿ. ಸುತ್ತು ಹಾಕುವ ಮನಸ್ಸಿಲ್ಲದವರು ಇಲ್ಲಿಂದಲೇ ಹಿಂದಿರುಗಿದರೂ ಒಟ್ಟು ಮೂರು ಮೈಲಿಯಲ್ಲಿ ಈ ಕೊಳ್ಳದ ಬಹುಪಾಲು ಚೆಲುವು ನೋಡಿದಂತಾಯಿತು.

ಮತ್ತೆ ಕವಲಿಗೆ ಬಂದು ಬಾಟಲಿ ನೋಡಿ. ಅರ್ಧಕ್ಕಿಂತ ಕಮ್ಮಿ ನೀರಿದ್ದರೆ, ಅಥವಾ ಗುಂಪಿನಲ್ಲಿ ಒಬ್ಬರಿಗೆ ಸುಸ್ತಾಗಿದ್ದರೆ, ಅಥವಾ ಗಂಟೆ ಹನ್ನೊಂದು ದಾಟಿದ್ದರೆ ಬಂದ ದಾರಿಯಲ್ಲೇ ವಾಪಸಾಗಿ. ಈ ನಿರ್ಧಾರ ಇಲ್ಲೇ ಆಗಬೇಕು. ಮುಂದಿನ ದಿಣ್ಣೆ ದಾಟಿದ ಮೇಲೆ ಹಿಂತಿರುಗಬೇಕೆಂದರೆ ಅದನ್ನೇ ಮತ್ತೆ ಹತ್ತಬೇಕು.

ಎಲ್ಲ ಸರಿಯಿದ್ದರೆ ಮ್ಯಾನ್ಲಿ ಬೀಕನ್, ಜಬ್ರಿಸ್ಕಿ ಕಡೆಗೆ ಬಾಣ ತೋರಿಸುವ ದಾರಿ ಹಿಡಿಯಿರಿ. ಇದೇ ಚಾರಣದ ಕಠಿಣ ಭಾಗ. ಕಿರಿದಾದ ಓಣಿ ಹತ್ತಿ ಶಿಖರದ ಬುಡಕ್ಕೆ ಬಂದಾಗ ದಾರಿ ಸಣ್ಣದಾಗುತ್ತದೆ, ಒಂದು ಮಗ್ಗುಲಿಗೆ ಗೋಡೆ, ಇನ್ನೊಂದಕ್ಕೆ ಜಾರು. ಮಕ್ಕಳ ಕೈ ಹಿಡಿಯಿರಿ, ಫೋಟೊ ತೆಗೆಯಬೇಕಾದರೆ ನಿಂತು ತೆಗೆಯಿರಿ. ಇಳಿಯುವಾಗ ಮೈ ಹಿಂದಕ್ಕೆ ವಾಲಿಸಿದಷ್ಟೂ ಹಿಮ್ಮಡಿ ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆಯಿಟ್ಟು, ಪಾದ ಪೂರ್ತಿ ಊರಿ ಇಳಿಯಬೇಕು. ಮಳೆ ಬಿದ್ದು ಒಂದೆರಡು ದಿನವಾಗಿದ್ದರೆ ಈ ಮಣ್ಣು ಅಂಟಾಗಿ ಶೂಗೆ ಮೆತ್ತುತ್ತದೆ. ಆಗ ಈ ಭಾಗವನ್ನು ಬಿಟ್ಟುಬಿಡಿ.

ದಿಣ್ಣೆಯಾಚೆ ಹಳದಿ ಮಡಿಕೆಗಳ ಬಯಲು. ಜನ ದಾರಿ ತಪ್ಪುವುದು ಇಲ್ಲಿಯೇ. ಹಳ್ಳಗಳು ಹತ್ತಾರು ಕಡೆ ಕವಲೊಡೆದಿವೆ, ಎಲ್ಲದರಲ್ಲೂ ಹೆಜ್ಜೆ ಗುರುತಿದೆ. ಮುಂದೆ ಹೋದವರೂ ತಪ್ಪಿ ಹೋಗಿರಬಹುದಾದ್ದರಿಂದ ಹೆಜ್ಜೆ ನಂಬಬೇಡಿ, ಕಂಬ ನಂಬಿ. ಹತ್ತು ನಿಮಿಷ ನಡೆದರೂ ಕಂಬ ಕಾಣಲಿಲ್ಲವೆಂದರೆ ಕೊನೆಯ ಕಂಬಕ್ಕೆ ಹಿಂತಿರುಗಿ. ಪ್ರತಿ ಕವಲಿನಲ್ಲೂ ಹಿಂದಕ್ಕೆ ತಿರುಗಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ವಾಪಸು ಬರಬೇಕಾದಾಗ ಗುರುತು ಸಿಗುತ್ತದೆ. ಮುಖ್ಯ ಕವಲಿನಲ್ಲಿ ಎಡಕ್ಕೆ ಜಬ್ರಿಸ್ಕಿ, ಬಲಕ್ಕೆ ಗೋವರ್ ಗಲ್ಚ್. ಜಬ್ರಿಸ್ಕಿಯನ್ನೂ ಸೇರಿಸಿದ ಪೂರ್ತಿ ಸುತ್ತು 7.8 ಮೈಲಿಯಾಗುತ್ತದೆ. ಬೆಳಗ್ಗೆ ಕಾರಿನಲ್ಲಿ ನೋಡಿದವರು ಅದನ್ನು ಬಿಟ್ಟು ಬಲಕ್ಕೆ ತಿರುಗಬಹುದು.

ಗೋವರ್ ಗಲ್ಚ್ ಅಗಲವಾದ ಒಣಹಳ್ಳ. ಕಳೆದುಹೋಗುವ ಭಯವಿಲ್ಲ, ಹಳ್ಳ ಇಳಿದತ್ತ ಇಳಿಯುವುದಷ್ಟೇ. ಗೋಡೆಗಳಲ್ಲಿ ಬಿಳಿ ಖನಿಜದ ಗೆರೆಗಳು, ಬೋರಾಕ್ಸ್ (ಬಿಳಿಗಾರ) ಅಗೆದ ಹಳೆಯ ಸುರಂಗದ ಬಾಯಿಗಳು ಕಾಣುತ್ತವೆ. ಎಷ್ಟೇ ಗಟ್ಟಿಯಾಗಿ ಕಂಡರೂ ಅವುಗಳ ಒಳಗೆ ಹೋಗಬಾರದು. ಈ ಹಳ್ಳ ಇಷ್ಟು ಆಳವಾಗಿರುವುದಕ್ಕೆ ಮನುಷ್ಯನೇ ಕಾರಣ: ಫರ್ನೇಸ್ ಕ್ರೀಕ್‌ನ ಕಟ್ಟಡಗಳನ್ನು ಪ್ರವಾಹದಿಂದ ಉಳಿಸಲು 1941ರಲ್ಲಿ ದೊಡ್ಡ ಹಳ್ಳದ ನೀರನ್ನು ಇತ್ತ ತಿರುಗಿಸಿದರು. ಅಂದಿನಿಂದ ಪ್ರತಿ ಮಳೆಯೂ ಇದನ್ನು ಕೊರೆಯುತ್ತಿದೆ. ಕೆಳಗೆ ಇಕ್ಕಟ್ಟಾಗಿ ಒಂದೆರಡು ಸಣ್ಣ ಕಲ್ಲುಮೆಟ್ಟಿಲು ಬರುತ್ತವೆ, ಕುಳಿತು ಇಳಿದರೆ ಸುಲಭ.

ಕೊನೆಯಲ್ಲಿ ಹಳ್ಳ ಥಟ್ಟನೆ ನಿಂತು ಸುಮಾರು 30 ಅಡಿ ಆಳದ ಒಣ ಜಲಪಾತ ಎದುರಾಗುತ್ತದೆ. ಅಲ್ಲಿ ನೇರ ಇಳಿಯುವ ಸಾಹಸ ಬೇಡ. ಅಂಚಿಗೆ ಬರುವ ಮೊದಲೇ ಬಲಗಡೆ ಗೋಡೆಗಂಟಿಕೊಂಡು ಕಾಲುದಾರಿಯಿದೆ. ಅದು ಬೆಟ್ಟದ ಬುಡ ಸುತ್ತಿ, ರಸ್ತೆಗೆ ಸಮಾನಾಂತರವಾಗಿ ಉತ್ತರಕ್ಕೆ ಒಂದು ಮೈಲಿ ಸಾಗಿ ಪಾರ್ಕಿಂಗ್ ಸೇರುತ್ತದೆ. ಕಾರುಗಳು ಕಾಣುತ್ತಲೇ ಇರುತ್ತವೆ, ತಲುಪಲು ಮಾತ್ರ ಹೊತ್ತು ಹಿಡಿಯುತ್ತದೆ. ಮಧ್ಯಾಹ್ನದ ಮೇಲೆ ಇಲ್ಲಿ ನೆರಳೇ ಇಲ್ಲ. ಈ ಮೈಲಿಗೆಂದೇ ಅರ್ಧ ಲೀಟರ್ ನೀರು ಉಳಿಸಿಕೊಂಡಿರಬೇಕು.

ಅಪಾಯದ ಲಕ್ಷಣಗಳು

ತಲೆಸುತ್ತು, ವಾಕರಿಕೆ, ತಲೆನೋವು, ಸಿಡುಕುತನ – ಇವು ಬಿಸಿಲು ತಾಗಿದ ಮೊದಲ ಸೂಚನೆ. ನೆರಳಿಗೆ ಕೂರಿಸಿ, ಟೋಪಿ, ಅಂಗಿ ಒದ್ದೆ ಮಾಡಿ, ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕೊಡಿ. ಚೇತರಿಸಿಕೊಂಡ ಮೇಲೆ ಹತ್ತಿರದ ದಾರಿಯಲ್ಲಿ ಕಾರಿಗೆ ಕರೆತನ್ನಿ. ಮಾತು ತೊದಲಿದರೆ, ಗೊಂದಲವಾದರೆ, ಅದು ತುರ್ತು ಸ್ಥಿತಿ. ಮೈಗೆ ನೀರು ಸುರಿದು ಗಾಳಿ ಬೀಸುತ್ತಿರಿ, ಒಬ್ಬರು ತೆರೆದ ಜಾಗಕ್ಕೆ ಓಡಿ 911ಕ್ಕೆ ಪ್ರಯತ್ನಿಸಲಿ. ಉದ್ಯಾನದೊಳಗೆ ಆಸ್ಪತ್ರೆಯಿಲ್ಲ. ಪರಂಪ್‌ಗೆ ಅರವತ್ತು ಮೈಲಿ. ಬಿ.ಪಿ.ಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಹೊರಡುವ ಮುನ್ನ ವೈದ್ಯರನ್ನು ಕೇಳಿರಬೇಕು. ಇನ್ಸುಲಿನ್ ಅನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬಾರದು.

ಆಕಾಶದಲ್ಲಿ ಮೋಡವಿದ್ದರೆ, ಬೆಟ್ಟದ ಮೇಲೆಲ್ಲೋ ಮಳೆಯ ಮುನ್ಸೂಚನೆ ಇದ್ದರೆ ಕೊಳ್ಳಕ್ಕೆ ಇಳಿಯಲೇಬೇಡಿ. ನೆಲ ನೀರು ಕುಡಿಯುವುದಿಲ್ಲ, ನಿಮ್ಮ ತಲೆಮೇಲೆ ಹನಿ ಬೀಳದಿದ್ದರೂ ದೂರದ ಮಳೆ ಹಳ್ಳವಾಗಿ ಬಂದುಬಿಡುತ್ತದೆ. ಒಳಗಿದ್ದಾಗ ಗುಡುಗು ಅಥವಾ ಕಲ್ಲುರುಳುವ ಸದ್ದು ಕೇಳಿದರೆ ಹಳ್ಳದ ಉದ್ದಕ್ಕೆ ಓಡದೆ ಪಕ್ಕದ ಎತ್ತರಕ್ಕೆ ಹತ್ತಿ.

ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದರೆ

ಮಂಡಿನೋವಿರುವವರಿಗೆ ಗೋಲ್ಡನ್ ಕ್ಯಾನ್ಯನ್‌ನ ಮೊದಲ ಅರ್ಧ ಮೈಲಿ ಸಾಕಷ್ಟು ಚೆನ್ನ, ಸೀರೆಯುಟ್ಟು ಶೂ ಹಾಕಿಕೊಂಡೂ ನಡೆಯಬಹುದು. ಜಬ್ರಿಸ್ಕಿಯ ಕಟ್ಟೆಗೆ ಕಾಲು ಮೈಲಿ ಡಾಂಬರು ದಾರಿಯಿದೆ, ಆದರೆ ಏರು ಜೋರು, ನಿಧಾನಕ್ಕೆ ಹತ್ತಿಸಿ. ಮನೆಯಲ್ಲಿ ನಡೆಯಲೊಲ್ಲದ ಡ್ರೈವರ್ ಒಬ್ಬರಿದ್ದರೆ ಇನ್ನೊಂದು ಅನುಕೂಲ: ಉಳಿದವರನ್ನು ಜಬ್ರಿಸ್ಕಿಯಲ್ಲಿ ಇಳಿಸಿ, ಕಾರನ್ನು ಗೋಲ್ಡನ್ ಕ್ಯಾನ್ಯನ್‌ಗೆ ತಂದು ಕಾಯಬಹುದು. ಸುಮಾರು ಮೂರು ಮೈಲಿ, ಹೆಚ್ಚಿನದೆಲ್ಲ ಇಳಿಜಾರು. ಎಷ್ಟು ಗಂಟೆಗೆ ಹೊರಬರುತ್ತೀರಿ, ಎಷ್ಟು ತಡವಾದರೆ ರೇಂಜರ್‌ಗೆ ತಿಳಿಸಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ, ನಡುವೆ ಫೋನು ಸಿಗುವುದಿಲ್ಲ. ನಾಯಿಗಳಿಗೆ ಈ ದಾರಿಯಲ್ಲಿ ಪ್ರವೇಶವಿಲ್ಲ, ಡ್ರೋನ್ ಹಾರಿಸುವಂತಿಲ್ಲ.

ಮಧ್ಯಾಹ್ನದ ಮೇಲೆ

ಊಟ ಮುಗಿಸಿ ಒಂದು ಗಂಟೆ ಕಾಲು ಚಾಚಿ. ಆಮೇಲೆ ಬ್ಯಾಡ್‌ವಾಟರ್ ರಸ್ತೆಯಲ್ಲೇ ದಕ್ಷಿಣಕ್ಕೆ ಹೋದರೆ ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿನ ಉಪ್ಪಿನ ಬಯಲು, ಉತ್ತರ ಅಮೆರಿಕದ ಅತಿ ತಗ್ಗಿನ ಜಾಗ. ಎದುರಿಗೆ 11,049 ಅಡಿಯ ಟೆಲಿಸ್ಕೋಪ್ ಶಿಖರ, ಚಳಿಗಾಲದಲ್ಲಿ ಹಿಮ ಹೊದ್ದಿರುತ್ತದೆ. ಹಿಂತಿರುಗುವಾಗ ಒಂಬತ್ತು ಮೈಲಿಯ ಏಕಮುಖ ರಸ್ತೆ ಆರ್ಟಿಸ್ಟ್ಸ್ ಡ್ರೈವ್. ಅಲ್ಲಿನ ಹಸಿರು, ಗುಲಾಬಿ, ನೇರಳೆ ಮಣ್ಣಿಗೆ ಸಂಜೆಯ ಓರೆ ಬಿಸಿಲೇ ಸರಿ. 25 ಅಡಿಗಿಂತ ಉದ್ದದ ಗಾಡಿಗಳನ್ನು ಆ ರಸ್ತೆಗೆ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ, ಪಶ್ಚಿಮದ ಬೆಟ್ಟಸಾಲಿನ ನೆರಳು ಅದಕ್ಕೂ ಮೊದಲೇ ಕಣಿವೆಗೆ ಬೀಳುತ್ತದೆ. ಹಾಗಾಗಿ ಮೂರೂಕಾಲರೊಳಗೆ ಆ ರಸ್ತೆಗೆ ಹೊಕ್ಕಿರಿ. ಅದೇ ರಾತ್ರಿ ವೇಗಸ್‌ಗೆ ಹೊರಡುವವರು ಫರ್ನೇಸ್ ಕ್ರೀಕ್ ಬಿಡುವ ಮುನ್ನ ಪೆಟ್ರೋಲ್ ಮುಳ್ಳು ನೋಡಿಕೊಳ್ಳಿ. ಪರಂಪ್‌ವರೆಗಿನ ಕತ್ತಲ ರಸ್ತೆಗೆ ಕಾಡುಪ್ರಾಣಿಗಳು ಅಡ್ಡ ಬರುವುದುಂಟು, ವೇಗ ಕಮ್ಮಿಯಿರಲಿ.